ಚಳಿಜ್ವರದ ಮೆಂಬರು

ಮದ್ದೂರಿನ ಚಿಕ್ಕ ಆಸ್ಪತ್ರೆಗೆ ನಾನು ಹೆರಿಗೆ ನರ್ಸ್ ಆಗಿ ಬಂದಾಗ ಮಂಡ್ಯ ಬೇರೆ ಜಿಲ್ಲೆಯಾಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ನನಗಾಗ ಇಪ್ಪತ್ತೆರಡು ವರ್ಷ. ಅಪ್ಪ ಮೈಸೂರಿನಲ್ಲಿ ದರ್ಜಿ. ಮದುವೆಯಾದ ಎರಡನೇ ವರ್ಷಕ್ಕೆ ನನ್ನ ಗಂಡ ತೀರಿಕೊಂಡರು. ಅಪ್ಪ ಹೊಲಿಗೆ ಯಂತ್ರದ ಮುಂದೆ ಒಂದು ವಾರ ಸುಮ್ಮನೆ ಕೂತಿದ್ದು, ಕೊನೆಗೆ, "ಬಿಳಿ ಸೀರೆ ಉಡಲೇಬೇಕು ಅಂತಿದ್ದರೆ ನರ್ಸಮ್ಮನ ಬಿಳಿ ಸೀರೆ ಉಡು ಮಗಳೆ" ಎಂದು ನನ್ನನ್ನು ತರಬೇತಿಗೆ ಸೇರಿಸಿದರು. ಕಲಿತು ಮುಗಿಸಿದ ಮೇಲೆ ಹಾಕಿದ ಊರು ಮದ್ದೂರು.

ಆಸ್ಪತ್ರೆಯಲ್ಲಿ ಒಬ್ಬರು ಡಾಕ್ಟರು, ಒಬ್ಬ ಕಾಂಪೌಂಡರ್, ನಾನು. ಹೆಂಚಿನ ಮಾಡಿನ ಕೆಳಗೆ ಎರಡು ಕೋಣೆ, ಮುಂದೆ ಒಂದು ಜಗಲಿ. ಹೆರಿಗೆಗೆಂದು ಬೇರೆ ಜಾಗವಿರಲಿಲ್ಲ. ಔಷಧದ ಕೋಣೆಗೆ ಅಡ್ಡಲಾಗಿ ಒಂದು ಹಾಸಿಗೆ ಹೊದಿಕೆ ಕಟ್ಟಿಕೊಂಡರೆ ಅದೇ ಹೆರಿಗೆ ಮನೆ.

ನಾನು ಬಂದು ಇನ್ನೂ ತಿಂಗಳಾಗಿರಲಿಲ್ಲ. ಒಂದು ಬೆಳಿಗ್ಗೆ ಎತ್ತಿನ ಗಾಡಿಯೊಂದು ನೇರ ಜಗಲಿಯ ಮೆಟ್ಟಿಲವರೆಗೂ ಬಂದು ನಿಂತಿತು. ಮೊಣಕಾಲ ಮೇಲಕ್ಕೆ ಪಂಚೆ ಎತ್ತಿ ಕಟ್ಟಿದ್ದ, ಬರಿ ಮೈಮೇಲೆ ಒಂದು ಟವೆಲ್ಲು ಹಾಕಿಕೊಂಡಿದ್ದ ನಲವತ್ತರ ಆಸುಪಾಸಿನ ಮನುಷ್ಯ ಕೆಳಗಿಳಿದು, ಗಾಡಿಯಲ್ಲಿ ಮಲಗಿದ್ದ ಹೆಂಗಸನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ.

"ತಾಯಿ, ಈ ಎಣ್ಮಗಳು ಎರಡು ದಿನದಿಂದ ಚಳೀಲಿ ನಡುಗ್ತಾವ್ಳೆ. ಒಟ್ಟೇಲಿ ಕೂಸದೆ. ಬಿರ‍್ನೆ ನೋಡಿ" ಎಂದ.

ಅವಳನ್ನು ಒಳಗೆ ಮಲಗಿಸಿಕೊಂಡು ನಾನು ಬಾಗಿಲಿಗೆ ಬಂದು, "ಗಾಡೀನ ಇಷ್ಟು ಒಳಕ್ಕೆ ತರಬಾರದು ಕಣಪ್ಪ. ಎತ್ತು ಬಿಚ್ಚಿ ಆಚೆ ಕಟ್ಟು, ಸಗಣಿ ಬಿದ್ದರೆ ಬಾಚಿ ಹಾಕು" ಎಂದೆ. ಅವನು ಹೋಗಿ ಎತ್ತು ಕಟ್ಟಿ, ಬಿದ್ದಿದ್ದ ಸಗಣಿಯನ್ನು ಕೈಯಲ್ಲೇ ಬಾಚಿ ಬೇಲಿಯಾಚೆ ಎಸೆದು, ಕೈ ತೊಳೆದುಕೊಂಡು ಬಂದು ಜಗಲಿಯ ಕೆಳಗೆ ನಿಂತ. ಅಷ್ಟರಲ್ಲಿ ಡಾಕ್ಟರು ಬಂದರು. ಅವನನ್ನು ಕಂಡವರೇ ಕೈ ಮುಗಿದು, "ಏನು ಮೆಂಬರೇ, ತಾವೇ ಗಾಡಿ ಹೊಡೆದುಕೊಂಡು ಬಂದಿದ್ದೀರಿ?" ಎಂದರು. ನಾನು ತಟ್ಟನೆ ಒಳಕ್ಕೆ ಸರಿದೆ.

ಆ ಕಾಲದಲ್ಲಿ ಮೆಂಬರು ಎಂದರೆ ಪ್ರಜಾಪ್ರತಿನಿಧಿ ಸಭೆಯ ಸದಸ್ಯರು. ರಾಜ್ಯ ಮಹಾರಾಜರದು, ಆಡಳಿತ ದಿವಾನರದು. ದಸರಾ ಹೊತ್ತಿನಲ್ಲಿ ಮೈಸೂರಿನಲ್ಲಿ ಸಭೆ ಸೇರಿದಾಗ, ತಾಲ್ಲೂಕುಗಳಿಂದ ಆರಿಸಿ ಬಂದವರು ಎದ್ದು ನಿಂತು ಜನರ ಕಷ್ಟಸುಖ ಹೇಳಬೇಕು. ವೋಟು ಎಲ್ಲರಿಗೂ ಇರಲಿಲ್ಲ, ಇಂತಿಷ್ಟು ಕಂದಾಯ ಕಟ್ಟುವವರಿಗೆ ಮಾತ್ರ. ಮೈಸೂರಿನಲ್ಲಿ ನಾನು ನೋಡಿದ್ದ ಮೆಂಬರುಗಳೆಲ್ಲ ಜರಿ ಪೇಟ, ಕರಿ ಕೋಟು ಹಾಕಿಕೊಂಡು ಜಟಕಾದಲ್ಲಿ ಬರುತ್ತಿದ್ದರು. ಕೂಲಿಯವನ ಹೆಂಡತಿಯನ್ನು ಎತ್ತಿಕೊಂಡು ಬಂದು, ನರ್ಸು ಗದರಿದ್ದಕ್ಕೆ ಸಗಣಿ ಬಾಚುವ ಮೆಂಬರು ಇರಬಹುದೆಂದು ನನಗೆ ಹೇಗೆ ಗೊತ್ತಾಗಬೇಕು?

ಆ ಹೆಂಗಸು ಉಳಿದಳು. ಮಗು ಉಳಿಯಲಿಲ್ಲ. ಸಂಜೆ ನಾನು ಹೊರಗೆ ಬಂದಾಗ ಅವರು ಇನ್ನೂ ಅಲ್ಲೇ ಕೂತಿದ್ದರು.

"ಕೂಸು?"

"ಇಲ್ಲ."

ಬೆಳಗಿನ ಮಾತಿಗೆ ಕ್ಷಮಿಸಿ ಎನ್ನಬೇಕೆಂದು ನಾನು ಬಾಯಿ ತೆಗೆದಿದ್ದೆ. ಅವರಿಗೆ ಅದು ನೆನಪೇ ಇರಲಿಲ್ಲ. ನೆಲ ನೋಡುತ್ತ, "ಈ ಮಳೆಗಾಲದಿಂದೀಚೆಗೆ ನಮ್ಮೂರಲ್ಲಿ ಇದು ಮೂರ‍್ನೇದು ಕಣಮ್ಮ" ಎಂದು ಎದ್ದು ಹೋಗಿ ಎತ್ತು ಹೂಡಿದರು.

ಅವರ ಊರು ಮದ್ದೂರಿನಿಂದ ದೊಡ್ಡಿ ಎಂಬ ಊರಿನ ಕಡೆಗೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಒಳಗೆ. ಆಮೇಲೆ ವಾರಕ್ಕೊಮ್ಮೆ ನಾನು ಆ ಕಡೆಯ ಹಳ್ಳಿಗಳಿಗೆ ಹೋಗಬೇಕೆಂದು ಡಾಕ್ಟರು ಗೊತ್ತುಮಾಡಿದರು. ಬಸುರಿಯರನ್ನು ನೋಡಬೇಕು, ಜ್ವರದವರಿಗೆ ಕ್ವಿನೈನ್ ಕೊಡಬೇಕು. ಮೆಂಬರ ಮನೆ ಜಗಲಿಯೇ ನನಗೆ ಆಸ್ಪತ್ರೆ. ಅಲ್ಲೇ ಅವರ ತಾಯಿಯ ಪರಿಚಯವಾಯಿತು. ಕಣ್ಣು ಮಬ್ಬಾದ, ಗಟ್ಟಿ ದನಿಯ ಮುದುಕಿ. ಮಗನ ಕಥೆಯನ್ನೆಲ್ಲ ನನಗೆ ಹೇಳಿದ್ದು ಅವರೇ. ಹೇಳುವಾಗ ಹೊಗಳುತ್ತಿದ್ದಾರೋ ಬೈಯುತ್ತಿದ್ದಾರೋ ತಿಳಿಯುತ್ತಿರಲಿಲ್ಲ.

ಅವರದು ಮೊದಲೆಲ್ಲ ಬರಿ ಹೊಲ. ರಾಗಿ, ಹುರುಳಿ, ಹರಳು. ಮಗ ಮದ್ದೂರಿಗೆ ನಡೆದು ಹೋಗಿ ಲೋವರ್ ಸೆಕೆಂಡರಿ ಪರೀಕ್ಷೆ ಪಾಸು ಮಾಡಿದ. ಕನ್ನಂಬಾಡಿಯಿಂದ ಕಾಲುವೆ ತೋಡಲು ಶುರುವಾದಾಗ ಆತ ಕೂಲಿಗೆ ಸೇರಿ ಮಣ್ಣು ಹೊತ್ತ. ಮಣ್ಣು ಹೊರುತ್ತ ಹೊರುತ್ತ ಇಂಜಿನಿಯರುಗಳು ಮಟ್ಟ ನೋಡುವುದನ್ನು ನೋಡಿಕೊಂಡ. ಕಾಲುವೆ ತಮ್ಮ ಕಡೆಯ ಹಳ್ಳಿಗಳನ್ನು ಬಿಟ್ಟು ದಿಬ್ಬದ ಆಚೆ ಮಗ್ಗುಲಲ್ಲಿ ಹೋಗುತ್ತದೆಂದು ಗೊತ್ತಾದಾಗ, "ನಮ್ಮ ಕಡೀಕೂ ನೀರು ಅತ್ತದೆ" ಎಂದು ಹಠ ಹಿಡಿದ. ಯಾರೂ ನಂಬಲಿಲ್ಲ. ಉದ್ದನೆಯ ಬಿದಿರು ಸೀಳಿ, ಅದರಲ್ಲಿ ನೀರು ತುಂಬಿ ಮಟ್ಟ ಹಿಡಿದು, ದಿಬ್ಬವನ್ನು ಬಳಸಿಕೊಂಡು ಗೂಟ ನೆಡುತ್ತ ಬಂದ. ಒಂದು ಬೇಸಿಗೆಯೆಲ್ಲ ಅದೇ ಕೆಲಸ.

"ಮಂದಿ ನನ್ ಮಗನ್ಗೆ ಗ್ಯಾನ ಕೆಟ್ಟೋಗದೆ ಅಂದ್ರು ಕಣವ್ವ. ನಾನೂ ಅಂಗೇ ಅನ್ಕಂಡಿದ್ದೆ. ಬಿಸ್ಲಲ್ಲಿ ಬಿದಿರು ಇಡ್ಕಂಡು ನೆಲಕ್ಕೆ ಕೆನ್ನೆ ಕೊಟ್ಕಂಡು ನೋಡೋನು" ಎಂದರು ಮುದುಕಿ.

ಆ ಗೂಟಗಳ ನಕ್ಷೆ ಬರೆದುಕೊಂಡು ಆತ ಮಂಡ್ಯಕ್ಕೆ ನಡೆದು ಹೋದ. ಅಲ್ಲಿಂದ ಮೈಸೂರಿಗೆ. ಹಿಂದಕ್ಕೆ ಕಳಿಸಿದರು. ಮತ್ತೆ ಹೋದ. ಕೊನೆಗೊಬ್ಬ ವಯಸ್ಸಾದ ಇಂಜಿನಿಯರು, ಇವನ ಕಾಟ ತಪ್ಪಲಿ ಎಂದೋ ಏನೋ, ತಾವೇ ಬಂದು ಯಂತ್ರವಿಟ್ಟು ಅಳೆದರು. ಗೂಟಗಳು ಇದ್ದದ್ದು ಇದ್ದಲ್ಲೇ ಸರಿಯಾಗಿದ್ದವು. ಎರಡು ವರ್ಷದಲ್ಲಿ ಸೀಳುಗಾಲುವೆ ಬಂತು. ನೀರು ಬಂದ ದಿನ ಸುತ್ತಿನ ಐದು ಹಳ್ಳಿಯವರು ಓಲಗ ಊದಿಸಿಕೊಂಡು ಬಂದು, ಆ ನೀರಲ್ಲೇ ಅವನ ಕಾಲು ತೊಳೆದರಂತೆ. ಮುಂದಿನ ಚುನಾವಣೆಯಲ್ಲಿ ಅವನನ್ನು ಬಿಟ್ಟು ಬೇರೆಯವರನ್ನು ನಿಲ್ಲಿಸುವ ಮಾತೇ ಹುಟ್ಟಲಿಲ್ಲ.

ಇಷ್ಟು ಹೇಳಿ ಮುದುಕಿ ಸುಮ್ಮನಾಗುತ್ತಿದ್ದರು. ಆಮೇಲಿನದನ್ನು ಹೇಳಿದ್ದು ಒಂದೇ ಸಲ.

"ನೀರು ಬಂದ್ರೆ ಬಂಗಾರ ಬೆಳೀಬೋದು ಅಂದ. ನಿಜವೇಯ, ಬಂಗಾರಾನೇ ಬೆಳುದ್ವಿ. ಎರಡ್ನೇ ಕುಯ್ಲಿನೊಳಗೆ ಜ್ವರ ಬಂತು. ನನ್ ಮೊಮ್ಮಗಳು, ಇವ್ನ ಮಗ್ಳು, ನಾಕು ವರ್ಸದ್ದು, ಅದರಲ್ಲೇ ಓಯ್ತು. ಅವತ್ನಿಂದ ಇವ್ನು ಅನ್ನ ಉಣ್ಣಾಕಿಲ್ಲ. ರಾಗಿ ಮುದ್ದೇನೇ."

ಜ್ವರ ಯಾತರಿಂದ ಬರುತ್ತದೆಂಬುದು ಊರಿನವರಿಗೆ ತಿಳಿದಿರಲಿಲ್ಲ. ಕಾಲುವೆ ನೀರು ಕುಡಿದದ್ದರಿಂದ ಎಂದು ಕೆಲವರು, ಊರದೇವತೆ ಮುನಿದಳು ಎಂದು ಕೆಲವರು. ಮೆಂಬರು ಡಾಕ್ಟರನ್ನು ಕೇಳಿದರು. ಡಾಕ್ಟರು ನಗುತ್ತ, "ನಿಮ್ಮ ಗದ್ದೆಯ ನೀರನ್ನ ಒಂದು ಗಾಜಿನ ಸೀಸೆಯಲ್ಲಿ ತನ್ನಿ, ತೋರಿಸ್ತೀನಿ" ಎಂದರು. ಮರುದಿನವೇ ತಂದರು. ಡಾಕ್ಟರು ಸೀಸೆಯನ್ನು ಬೆಳಕಿಗೆ ಹಿಡಿದು, ನೀರಿನ ಮೇಲುಮಟ್ಟಕ್ಕೆ ಅಂಟಿಕೊಂಡಂತೆ ಮಲಗಿದ್ದ ಸಣ್ಣ ಹುಳುಗಳನ್ನು ತೋರಿಸಿದರು. ಇವೇ ಬೆಳೆದು ಸೊಳ್ಳೆಯಾಗುತ್ತವೆ, ಈ ಜಾತಿಯ ಸೊಳ್ಳೆ ಹೆಚ್ಚು ದೂರ ಹಾರಲಾರದು, ಗದ್ದೆ ಮನೆಯ ಮಗ್ಗುಲಲ್ಲೇ ಇದ್ದರೆ ಸಂಜೆಗೆ ಮನೆಯೊಳಗೆ ಬರುತ್ತದೆ, ಕಚ್ಚಿದರೆ ಒಬ್ಬರ ಜ್ವರ ಇನ್ನೊಬ್ಬರಿಗೆ, ಎಂದು ಬಿಡಿಸಿ ಹೇಳಿದರು.

ಮೆಂಬರು ಸೀಸೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಅವರ ಮುಖದಲ್ಲಿ ಏನಾಗುತ್ತಿದೆ ಎಂದು ನೋಡಲು ಧೈರ್ಯವಾಗದೆ ನಾನೂ ಸೀಸೆಯನ್ನೇ ನೋಡಿದೆ.

"ಗದ್ದೆ ಊರಿಂದ ಎಷ್ಟು ದೂರ ಇದ್ರೆ ಇವು ಬರಾಕಿಲ್ಲ ಡಾಕ್ಟ್ರೆ?"

"ಒಂದು ಕೂಗಳತೆಗಿಂತ ದೂರ ಇದ್ದರೆ ಬಹಳ ಕಡಿಮೆಯಾಗುತ್ತೆ."

"ನಾನು ತಂದ ನೀರು" ಎಂದು ಸೀಸೆಯನ್ನು ಮೇಜಿನ ಮೇಲಿಟ್ಟು ಹೋದರು.

ಮುಂದಿನ ವಾರ ನಾನು ಹಳ್ಳಿಗೆ ಹೋದಾಗ ಅವರಿಗೆ ನನ್ನಲ್ಲಿ ಕೇಳುವುದಿತ್ತು. ಬಸುರು, ಹೆರಿಗೆಯ ವಿಷಯ ಗಂಡಸು ಹೆಂಗಸಿನ ಮುಖ ನೋಡಿ ಕೇಳುವುದುಂಟೆ? ಅವರು ಜಗಲಿಯ ಆ ತುದಿಯಲ್ಲಿ ನನಗೆ ಬೆನ್ನು ಹಾಕಿ ಕೂತರು. ತಾಯಿ ಹೊಸಿಲ ಮೇಲೆ ಕೂತರು. ಮಗ ಬೀದಿಯ ಕಡೆ ಮುಖ ಮಾಡಿ, "ಜ್ವರ ಬಂದ ಬಸ್ರಿಗೆ ಎಷ್ಟನೇ ತಿಂಗ್ಳಲ್ಲಿ ತೊಂದ್ರೆ ಜಾಸ್ತಿ ಅಂತ ಕೇಳವ್ವ" ಎನ್ನುವರು. ತಾಯಿ ನನ್ನ ಕಡೆ ತಿರುಗಿ ಅದನ್ನೇ ಇನ್ನೂ ಗಟ್ಟಿಯಾಗಿ ಕೇಳುವರು. ನಾನು ಹೇಳಿದ್ದನ್ನು ಅವರು ಮತ್ತೆ ಮಗನಿಗೆ ಹೇಳುವರು. ಮೂರು ಮಾರು ದೂರದಲ್ಲಿದ್ದ ಅವರಿಗೆ ನನ್ನ ಮಾತು ಕೇಳುತ್ತಲೇ ಇತ್ತು. ಆದರೂ ತಾಯಿ ಹೇಳಿ ಮುಗಿಸುವವರೆಗೆ ಕಾದು, ಆಮೇಲೆ ಮುಂದಿನ ಪ್ರಶ್ನೆ. ಹೀಗೆ ಒಂದು ಮಧ್ಯಾಹ್ನವೆಲ್ಲ ಕೇಳಿ, ಅವರು ಒಂದಕ್ಷರವನ್ನೂ ಬರೆದುಕೊಳ್ಳಲಿಲ್ಲ. ಎಲ್ಲವೂ ಅವರ ತಲೆಯಲ್ಲಿ ಉಳಿಯಿತೆಂಬುದು ನನಗೆ ಗೊತ್ತಾದದ್ದು ಮೈಸೂರಿನಲ್ಲಿ.

ಕ್ವಿನೈನ್ ಕೊಡುವುದೇ ದೊಡ್ಡ ಪಾಡಾಗಿತ್ತು. ಕಹಿ ಎಂದರೆ ಕಹಿ. ನಾನು ಆ ಕಡೆ ತಿರುಗಿದರೆ ಈ ಕಡೆ ಉಗಿಯುತ್ತಿದ್ದರು. ಒಂದು ದಿನ ಮೆಂಬರು ಬಂದು ನನ್ನ ಡಬ್ಬದಿಂದ ಒಂದು ಮಾತ್ರೆ ತೆಗೆದುಕೊಂಡು ಬಾಯಿಗೆ ಹಾಕಿದರು. ನುಂಗಲಿಲ್ಲ, ಎಲ್ಲರೆದುರಿಗೆ ಕಡಲೆಯಂತೆ ಜಗಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಎಂಗದೆ?" ಎಂದ ಒಬ್ಬ.

"ಬೇವಿಗೆ ಅಣ್ಣ. ಆದ್ರೆ ಸಾವಿಗಿಂತ ಸೀ ಕಣ್ಲಾ, ನುಂಗು."

ಅಲ್ಲಿಂದ ಮುಂದೆ ಅವರು ಊರಲ್ಲಿದ್ದ ವಾರವೆಲ್ಲ ಮೊದಲ ಮಾತ್ರೆ ಅವರದೇ, ಹಾಗೇ ಜಗಿದು. ಅವರ ಮುಂದೆ ಉಗಿಯುವ ಗಂಡಸು ಹುಟ್ಟಲಿಲ್ಲ.

ಆ ವರ್ಷ ದಸರೆಗೆ ರಜ ಹಾಕಿ ನಾನು ಮೈಸೂರಿಗೆ ಹೋಗಿದ್ದೆ. ಯುದ್ಧ ಶುರುವಾಗಿ ಎಲ್ಲದಕ್ಕೂ ಬೆಲೆ ಏರುತ್ತಿದ್ದ ಕಾಲ. ಅಪ್ಪನ ಅಂಗಡಿಯಲ್ಲಿ ನಾನು ಕಾಜಾ ಹೊಲಿಯುತ್ತ ಕೂತಿದ್ದಾಗ ಮೆಂಬರು ಬಂದರು. ಅಂಗಡಿಯ ಗುರುತನ್ನು ಹಿಂದೆ ನಾನೇ ಹೇಳಿದ್ದೆ. ಕರಿ ಕೋಟು ಬಗಲಲ್ಲಿತ್ತು. ಅವರಿಗೂ ಜ್ವರ ಹಿಡಿದು ಮೈಯಿಳಿದು ಅದು ಜೋತು ಬೀಳುತ್ತಿತ್ತು, ಸಭೆಗೆ ಹಾಕಿಕೊಂಡು ಹೋಗಲು ವಸಿ ಹಿಡಿದುಕೊಡಬೇಕು ಎಂದರು. ಅಪ್ಪ ಅಳತೆ ತೆಗೆದು, ನನ್ನ ಕಡೆ ನೋಡಿ ಮೆಲ್ಲಗೆ, "ಇವರು ಹಾಸಿಗೆಯಲ್ಲಿರಬೇಕಾದವರು" ಎಂದರು. ಹೋಗುವಾಗ ಮೆಂಬರು ಒಂದು ಪಾಸು ಕೊಟ್ಟರು. "ನಾಳೆ ಬನ್ನಿ ನರ್ಸಮ್ಮಾರೆ. ನಾನೇನಾರ ತಪ್ಪು ಏಳಿದ್ರೆ ಆಮೇಲೆ ತಿದ್ದೀರಂತೆ."

ಸಭೆ ನಡೆಯುವ ಕಟ್ಟಡದಲ್ಲಿ ಹೆಂಗಸರಿಗೆ ಮೇಲಿನ ಮಾಳಿಗೆಯಲ್ಲಿ ಜಾಗ. ಕೆಳಗೆ ಸಾಲುಸಾಲಾಗಿ ಪೇಟಗಳು. ಎಷ್ಟೋ ಜನ ಇಂಗ್ಲಿಷಿನಲ್ಲಿ ಮಾತಾಡಿದರು. ನನಗೆ ಅರ್ಧ ತಿಳಿಯಿತು. ಮಧ್ಯಾಹ್ನವಾಗುತ್ತ ನಮ್ಮ ಮೆಂಬರ ಸರದಿ ಬಂತು. ಎದ್ದು ಕೈ ಮುಗಿದು, ತಮ್ಮೂರ ಮಾತಿನಲ್ಲೇ ಆರಂಭಿಸಿದರು.

"ನಮ್ಮ ಕಡೀಕೆ ನೀರು ಕೊಡಿ ಅಂತ ಸರ್ಕಾರದ ಬಾಗ್ಲು ತಟ್ಟಿದೋನು ನಾನು. ಕೊಟ್ರಿ. ಅನ್ನ ಬಂತು, ಇಲ್ಲ ಅನ್ನಾಕಿಲ್ಲ. ಇವತ್ತು ಅದೇ ಬಾಯಲ್ಲಿ ಇನ್ನೊಂದು ಕೇಳಾಕೆ ನಿಂತಿವ್ನಿ. ಊರ ಮಗ್ಗುಲ ಗದ್ದೇಗೆ ನೀರು ನಿಲ್ಸಿ."

ಸಭೆಯಲ್ಲಿ ಗುಜುಗುಜು ಎದ್ದಿತು. ಅವರು ಮುಂದುವರಿಸಿದರು. ಯಾವ ತಿಂಗಳಲ್ಲಿ ಹುಳು ಹೆಚ್ಚುತ್ತದೆ, ಸೊಳ್ಳೆ ಎಷ್ಟು ದೂರ ಹಾರುತ್ತದೆ, ಬಸುರಿಗೆ ಜ್ವರ ಬಂದರೆ ಏನಾಗುತ್ತದೆ, ಎಲ್ಲ ಹೇಳಿದರು. ಡಾಕ್ಟರು ಹೇಳಿದ್ದು, ನಾನು ಹೇಳಿದ್ದು, ಒಂದೂ ತಪ್ಪಿರಲಿಲ್ಲ. ಅಂದು ಬೆನ್ನು ತಿರುಗಿಸಿ ಕೂತು, ತಾಯಿಯ ಬಾಯಿಂದ ಕೇಳಿಸಿಕೊಂಡ ಮಾತುಗಳು ಆ ದೊಡ್ಡ ಸಭೆಯಲ್ಲಿ ಒಂದೊಂದಾಗಿ ಬಂದವು.

ನಡುವೆ ಅವರ ದನಿ ಒಡೆಯಿತು. ಮೊದಲು ನಾನು ಅಳು ಬಂತೇನೋ ಎಂದುಕೊಂಡೆ. ಆಮೇಲೆ ಅವರ ಕೈ ಮುಂದಿನ ಬೆಂಚನ್ನು ಹಿಡಿದದ್ದು ಕಾಣಿಸಿತು. ಭುಜ ನಡುಗುತ್ತಿತ್ತು. ಹಲ್ಲು ಕಟಕಟಿಸುವುದು ಮಾಳಿಗೆಯವರೆಗೂ ಕೇಳಿಸಿದಂತೆ ನನಗನಿಸಿತು. ಅಧ್ಯಕ್ಷ ಪೀಠದಿಂದ, "ತಮಗೆ ಮೈ ಸರಿಯಿಲ್ಲ, ಕುಳಿತುಕೊಳ್ಳಿ, ನಾಳೆ ಮಾತಾಡಬಹುದು" ಎಂಬ ಮೆತ್ತನೆಯ ಮಾತು ಬಂತು.

"ಕೂತ್ರೆ ಏಳಾಕಾಗಾಕಿಲ್ಲ ಸ್ವಾಮಿ. ಇದು ದಿನ ಬುಟ್ಟು ದಿನ ಇದೇ ಒತ್ಗೆ ಬತ್ತದೆ. ಇವತ್ತು ಬತ್ತದೆ ಅಂತ ಗೊತ್ತಿತ್ತು. ನಾನು ನಾಟಕ ಆಡ್ತಿಲ್ಲ. ನಮ್ಮೂರಲ್ಲಿ ಈಗ, ಈ ಗಳಿಗೇಲಿ, ಮನೆಮನೇಲೂ ಇಂಗೇ ನಡುಗ್ತಾವ್ರೆ."

ಯಾರೋ ಒಬ್ಬರು ಎದ್ದು ಕೇಳಿದರು. "ಯುದ್ಧಕಾಲದಲ್ಲಿ ಅಕ್ಕಿ ಬೆಳೆಯಬೇಡಿ ಎನ್ನುತ್ತೀರಲ್ಲ, ತಮ್ಮ ಗದ್ದೆ ಎಲ್ಲಿದೆ?"

"ಊರಬಾಗ್ಲಲ್ಲೇ ಅದೆ. ಮೊದ್ಲು ಅದನ್ನೇ ನಿಲ್ಸಿ."

ಪ್ರಶ್ನೆ ಕೇಳಿದವರು ಕೂತುಬಿಟ್ಟರು. ಅವರು ಹೇಳಬೇಕಾದದ್ದನ್ನೆಲ್ಲ ನಿಂತೇ ಹೇಳಿ ಮುಗಿಸಿದರು. ಊರ ಸುತ್ತ ಕೂಗಳತೆಯೊಳಗೆ ಭತ್ತ ಬೇಡ, ಬೇಕಾದರೆ ರಾಗಿ, ಹಳ್ಳಿಹಳ್ಳಿಗೂ ಕ್ವಿನೈನ್, ಮದ್ದೂರಿನಲ್ಲಿ ಹೆರಿಗೆಗೆ ಬೇರೆ ಕೋಣೆ. ಕೂತಾಗ ಪಕ್ಕದ ಜಾಗದಲ್ಲಿದ್ದ ಬಿಳಿ ಮೀಸೆಯ ಸದಸ್ಯರೊಬ್ಬರು ತಮ್ಮ ಜರಿ ಶಲ್ಯ ತೆಗೆದು ಇವರಿಗೆ ಹೊದಿಸಿದರು. ಅವರು ಯಾವ ತಾಲ್ಲೂಕಿನವರೋ ನನಗೆ ಗೊತ್ತಿಲ್ಲ. ನಾನು ಮೆಟ್ಟಿಲಿಳಿದು ಓಡಿಬಂದು ಕೆಳಗೆ ಕಾದು, ಜಟಕಾದಲ್ಲಿ ಅವರನ್ನು ನಮ್ಮ ಮನೆಗೇ ಕರೆದುಕೊಂಡು ಹೋದೆ. ಮೂರು ದಿನ ಅಪ್ಪನ ಚಾಪೆಯ ಮೇಲೆ ಮಲಗಿದ್ದು ಊರಿಗೆ ಹೋದರು.

ಸರ್ಕಾರದ ಆಜ್ಞೆ ಬರುವವರೆಗೂ ಅವರು ಸುಮ್ಮನಿರಲಿಲ್ಲ. ಮುಂದಿನ ನಾಟಿಯ ಹೊತ್ತಿಗೆ ಊರಬಾಗಿಲ ಗದ್ದೆಯ ತೂಬಿಗೆ ಮಣ್ಣು ಹಾಕಿ ಮುಚ್ಚಿ, ಬದು ಒಡೆದು ನೀರು ಬಸಿದು, ರಾಗಿ ಚೆಲ್ಲಿದರು. ಆ ಗದ್ದೆ ಅವರೊಬ್ಬರದಲ್ಲ, ಅಣ್ಣನದೂ ಪಾಲಿತ್ತು. ಅಂದು ನಾನು ಜಗಲಿಯಲ್ಲಿ ಒಂದು ಮಗುವಿನ ಹೊಟ್ಟೆಯಲ್ಲಿ ಜ್ವರಕ್ಕೆ ಊದಿದ ಗಡ್ಡೆಯನ್ನು ಮುಟ್ಟಿ ನೋಡುತ್ತಿದ್ದೆ. ಅಣ್ಣ ಬೀದಿಯಿಂದಲೇ ಕೂಗುತ್ತ ಬಂದರು.

"ಬಂಗಾರದಂತಾ ಗದ್ದೇಗೆ ರಾಗಿ ಚೆಲ್ದೇನ್ಲಾ? ಅಕ್ಕಿ ಬೆಲೆ ಎಲ್ಲೋಗದೆ ಗೊತ್ತೇನ್ಲಾ ನಿಂಗೆ?"

"ಗೊತ್ತು ಕಣಣ್ಣ."

"ನೀರು ತರಾಕೆ ಬಿದಿರು ಇಡ್ಕಂಡು ಅಲೆದೆ. ಈಗ ನೀರು ಬ್ಯಾಡ ಅಂತ ಅಲೀತಿದ್ದೀಯ. ಊರ‍್ನೋರು ನಿನ್ನ ಏನಂತಾರೆ ಗೊತ್ತಾ? ಚಳಿಜ್ವರದ ಮೆಂಬ್ರು ಅಂತಾರೆ!"

"ಅನ್ಲಿ ಬುಡು. ನಿನ್ನ ಪಾಲ್ಗೆ ಬದ್ಲು, ನನ್ನ ದೂರದ ಗದ್ದೆ ನೀನೇ ಮಡಿಕ. ಈ ರಾಗಿ ಹೊಲ ನಂಗಿರ್ಲಿ."

ಆ ದೂರದ ಗದ್ದೆಯೇ ಅವರಿಗೆ ಉಳಿದಿದ್ದ ಒಳ್ಳೆಯ ನೀರಾವರಿ. ಅಣ್ಣ ಒಪ್ಪಿಕೊಳ್ಳಲೂ ಇಲ್ಲ, ಬೇಡ ಎನ್ನಲೂ ಇಲ್ಲ, ಹಾಗೇ ತಿರುಗಿ ಹೋದರು. ಮುಂದಿನ ವಾರ ಆ ದೂರದ ಗದ್ದೆಯಲ್ಲಿ ಅಣ್ಣನ ಆಳುಗಳು ನಾಟಿ ಹಾಕುತ್ತಿದ್ದರು. ಅಣ್ಣತಮ್ಮಂದಿರಿಗೆ ಮಾತು ನಿಂತಿತು.

ಆಜ್ಞೆ ಬಂದದ್ದು ಮರುವರ್ಷ. ಎಲ್ಲ ಹಳ್ಳಿಗೂ ಅಲ್ಲ, ಜ್ವರ ಹೆಚ್ಚಾಗಿದ್ದ ಕೆಲವಕ್ಕೆ, ಊರಿನ ಸುತ್ತ ಇಷ್ಟು ದೂರ ಭತ್ತ ನಾಟಿ ಮಾಡಕೂಡದು ಎಂದು. ಆಸ್ಪತ್ರೆಯ ಹಿಂದೆ ನಾಲ್ಕು ಮಂಚದ ಹೆರಿಗೆ ಕೋಣೆಯೂ ಎದ್ದಿತು. ಅದರ ಸುಣ್ಣ ಇನ್ನೂ ಹಸಿಯಾಗಿದ್ದಾಗಲೇ ಮಳವಳ್ಳಿ ಕಡೆಯಿಂದ ಒಬ್ಬಳನ್ನು ಡೋಲಿಯಲ್ಲಿ ಹೊತ್ತು ತಂದರು. ಆ ಕೋಣೆಯ ಮೊದಲ ಮಗು ಗಂಡು. ಅತ್ತ ದನಿ ಕೇಳಿ ಡಾಕ್ಟರು ರೋಗಿಯನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದರು.

ಆದರೆ ಊರವರ ಸಿಟ್ಟು ಇಳಿಯಲಿಲ್ಲ. ಗದ್ದೆ ಕಳೆದುಕೊಂಡವರು ಕಂದಾಯ ಕಟ್ಟುವವರು, ಕಂದಾಯ ಕಟ್ಟುವವರೇ ವೋಟು ಹಾಕುವವರು. ಜ್ವರದಿಂದ ಉಳಿದ ಕೂಲಿಯವರಿಗೂ ಬಸುರಿಯರಿಗೂ ವೋಟಿರಲಿಲ್ಲ. ನನಗೂ ಇರಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಬಂದ ಚುನಾವಣೆಯಲ್ಲಿ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಅವರ ಎದುರು ನಿಂತು ಗೆದ್ದರು. ಎಂಥ ಸೋಲೆಂದರೆ, ಅವರ ಕಾಲು ತೊಳೆದಿದ್ದ ಐದು ಹಳ್ಳಿಗಳಲ್ಲೇ ಅವರಿಗೆ ವೋಟು ಹಾಕಿದವರು ಕಡಿಮೆ.

ಆ ಸುದ್ದಿ ಬಂದ ಸಂಜೆ ನಾನು ಊಟ ಮಾಡಲಿಲ್ಲ. ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆಗೆದರೆ ಬೇಲಿಯಾಚೆ ಎತ್ತು ಕಟ್ಟಿತ್ತು. ಮೆಂಬರು ಜಗಲಿಯ ಕೆಳಗೆ ನಿಂತಿದ್ದರು. ಗಾಡಿಯಲ್ಲಿ ತುಂಬು ಬಸುರಿಯೊಬ್ಬಳು, ಜೊತೆಗೆ ಅವಳ ಅತ್ತೆ. ನಾನು ಬಾಯಿಗೆ ಸೆರಗು ಒತ್ತಿಕೊಂಡೆ.

"ಯಾಕ್ ತಾಯಿ ಅಳ್ತೀರಿ? ಮೊದ್ಲು ಇವಳ್ನ ನೋಡಿ. ನೋವು ಕಾಣಿಸ್ಕಂಡು ಬಾಳ ಒತ್ತಾಯ್ತು."

"ನಿನ್ನೆ ಹಾಗಾಯ್ತಲ್ಲ ಗೌಡರೇ. ಇವತ್ತೂ ನೀವೇ ಗಾಡಿ ಹೂಡಿಕೊಂಡು..."

"ವೋಟು ಓಯ್ತು. ಎತ್ತು ಅವೆಯಲ್ಲ" ಎಂದರು. ತಮಾಷೆಗೆ ಹೇಳಿದ್ದಲ್ಲ. ಕೆಲಸಕ್ಕೆ ಬೇಕಾದದ್ದು ಏನೇನು ಉಳಿದಿದೆ ಎಂದು ನೋಡಿಕೊಂಡವರ ಹಾಗೆ ಹೇಳಿದರು.

ನಾನು ಅವಳನ್ನು ಒಳಗೆ ಕರೆದುಕೊಂಡು ಹೋದೆ. ಮಧ್ಯಾಹ್ನದೊಳಗೆ ಹೆಣ್ಣು ಮಗುವಾಯಿತು. ಹೊರಗೆ ಬಂದು ಹೇಳಿದಾಗ ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆ ಬಸುರಿಯ ಮನೆಯವರು ಯಾರೆಂದು ನನಗೆ ಗೊತ್ತಾದದ್ದು ಸಂಜೆ ಅವಳ ಗಂಡ ಬಂದಾಗ. ಹಿಂದಿನ ವಾರವೆಲ್ಲ ಸಾಹುಕಾರರ ಪರವಾಗಿ ಊರೂರು ತಿರುಗಿದ್ದವನು ಅವನು. ತಲೆ ತಗ್ಗಿಸಿಕೊಂಡು ಬಂದು, ಮಗು ನೋಡಿ, ಮೆಂಬರ ಗಾಡಿಯ ಹತ್ತಿರ ಹೋಗಿ ನಿಂತ. ಅವರು ಅವನ ಮುಖವನ್ನೂ ನೋಡದೆ, "ಎತ್ಗೆ ವಸಿ ನೀರು ಕುಡಿಸ್ಲಾ" ಎಂದರು. ಅವನು ಕುಡಿಸಿದ.

ಜ್ವರ ಒಂದೇ ವರ್ಷಕ್ಕೆ ಹೋಗಲಿಲ್ಲ. ಗದ್ದೆ ಹಿಂದೆ ಸರಿದ ಹಳ್ಳಿಗಳಲ್ಲಿ ಮೊದಲು ಕಡಿಮೆಯಾಯಿತು. ಪಕ್ಕದ ಹಳ್ಳಿಗಳವರು ನೋಡಿದರು. ಮೆಂಬರ ಊರಿನ ಮಕ್ಕಳ ಹೊಟ್ಟೆ ಇಳಿಯಿತು, ಕೈಕಾಲಿಗೆ ಮಾಂಸ ಬಂತು. ಆ ಊರಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದವರು ಕೊಡತೊಡಗಿದರು. ಆಜ್ಞೆ ಇಲ್ಲದ ಎರಡು ಹಳ್ಳಿಯವರು ತಾವಾಗಿಯೇ ಬಂದು, "ನಮ್ಮೂರ ಸುತ್ತಾನೂ ಒಸಿ ಅಳ್ದು ಗೂಟ ನೆಟ್ಕೊಡಿ" ಎಂದು ಕೇಳಿದರು. ಮೆಂಬರು ಹೋಗಿ ಅಳೆದುಕೊಟ್ಟರು. ಈಗ ಅವರು ಮೆಂಬರಲ್ಲ. ಆದರೆ ಗೆದ್ದವರನ್ನು ಯಾರೂ ಮೆಂಬರೆಂದು ಕರೆದದ್ದು ನನಗೆ ನೆನಪಿಲ್ಲ.

ಅಣ್ಣ ಮಾತು ಬಿಟ್ಟು ಐದು ವರ್ಷವಾಗಿತ್ತು. ಒಂದು ದಿನ ಅವರ ಸೊಸೆ ನಮ್ಮ ಹೆರಿಗೆ ಕೋಣೆಗೆ ಬಂದಳು. ಮೊದಲೆರಡು ಬಸುರು ನಿಂತಿರಲಿಲ್ಲ. ಈ ಸಲ ಅವಳಿ ಗಂಡು. ಅಣ್ಣ ಎರಡು ಮಕ್ಕಳನ್ನೂ ನೋಡಿ, ಹೊರಗೆ ಬಂದು ಮರದ ಕೆಳಗೆ ನಿಂತಿದ್ದ ತಮ್ಮನ ಹತ್ತಿರ ಹೋದರು. ಏನು ಹೇಳುತ್ತಾರೋ ಎಂದು ನಾನು ಕಿಟಕಿಯಲ್ಲಿ ನಿಂತಿದ್ದೆ.

"ಎಲ್ಡವ್ಲಾ" ಎಂದರು ಅಣ್ಣ.

"ನೋಡ್ದೆ ಕಣಣ್ಣ."

"ದೂರದ ಗದ್ದೆ ನೀನೇ ಮಾಡ್ಕಳ್ಳಪ್ಪ. ನಂಗ್ಯಾಕೆ ಅಷ್ಟೊಂದು."

ಅಷ್ಟೇ. ಇಬ್ಬರೂ ಒಂದೇ ಗಾಡಿಯಲ್ಲಿ ಊರಿಗೆ ಹೋದರು.

ಸ್ವಾತಂತ್ರ್ಯ ಬಂದ ಆಗಸ್ಟಿನಲ್ಲಿ ಅವರ ಊರಿನ ಶಾಲೆಯ ಮುಂದೆ ಬಾವುಟ ಏರಿಸಿದರು. ಡಾಕ್ಟರೂ ನಾನೂ ಹೋಗಿದ್ದೆವು. ಸುತ್ತಿನ ಹಳ್ಳಿಯವರೆಲ್ಲ ಸೇರಿದ್ದರು. ಗಿರಣಿ ಸಾಹುಕಾರರೂ ಬಂದಿದ್ದರು. ಮದ್ದೂರಿನಿಂದ ಬಂದ ವಕೀಲರೊಬ್ಬರು ಬಹಳ ಚೆನ್ನಾಗಿ ಭಾಷಣ ಮಾಡಿದರು. ಆಮೇಲೆ ಜನ, "ಮೆಂಬ್ರು ಮಾತಾಡ್ಲಿ, ಮೆಂಬ್ರು ಮಾತಾಡ್ಲಿ" ಎಂದು ಕೂಗಿದರು. ಅವರು ಎದ್ದು ನಿಂತು, ಶಾಲೆಯ ಮಗ್ಗುಲಿಗೆ ಕೈ ತೋರಿದರು. ಮಳೆನೀರು ನಿಂತು ಹಸಿರುಗಟ್ಟಿದ ಒಂದು ಹಳ್ಳ ಅಲ್ಲಿತ್ತು.

"ರಾಜ್ಯ ನಮ್ದಾಯ್ತು ಅಂತ ವಕೀಲ್ರು ಏಳಿದ್ರು. ಅಂಗಾದ್ರೆ ಆ ಅಳ್ಳಾನೂ ನಮ್ದೇ. ಅದರಲ್ಲಿ ಉಳ ಅವೆ, ಬೆಳಿಗ್ಗೆ ನೋಡ್ಕಂಡು ಬಂದೆ. ನಾಳೀಕೆ ಎಲ್ಲಾರೂ ಗುದ್ಲಿ, ಮಕ್ರಿ ತಕ್ಕಂಡು ಬನ್ನಿ."

ಅಷ್ಟು ಹೇಳಿ ಕೂತುಬಿಟ್ಟರು. ಇನ್ನೂ ಏನೋ ಹೇಳುತ್ತಾರೆಂದು ಕಾದಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಚಪ್ಪಾಳೆ ಶುರುವಾಯಿತು.

ಮರುದಿನ ಬೆಳಿಗ್ಗೆ ನಾನು ಅದೇ ದಾರಿಯಲ್ಲಿ ಕೊತ್ತತ್ತಿ ಕಡೆಗೆ ಒಂದು ಹೆರಿಗೆಗೆ ಹೋಗಬೇಕಿತ್ತು. ಶಾಲೆಯ ಹತ್ತಿರ ಬಂದಾಗ ಜಟಕಾ ನಿಲ್ಲಿಸಲು ಹೇಳಿದೆ. ಊರಿಗೆ ಊರೇ ಹಳ್ಳದ ಸುತ್ತ ಇತ್ತು. ಹೆಂಗಸರು ದಿಬ್ಬದಿಂದ ಸಾಲಾಗಿ ನಿಂತು ಮಂಕರಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಗಿರಣಿ ಸಾಹುಕಾರರು ಎರಡು ಗಾಡಿ ಗ್ರಾವೆಲ್ ಮಣ್ಣು ಕಳಿಸಿ, ತಾವೂ ಛತ್ರಿ ಹಿಡಿದು ನಿಂತಿದ್ದರು. ಅಣ್ಣ ಎಲ್ಲರನ್ನೂ ಗದರುತ್ತ ಕೆಲಸ ಮಾಡಿಸುತ್ತಿದ್ದರು. ಮೆಂಬರು ಎಲ್ಲಿ ಎಂದು ಹುಡುಕಿದೆ. ಹಳ್ಳದ ನಡುವೆ, ಸೊಂಟದವರೆಗೆ ಕೆಸರಲ್ಲಿ ನಿಂತು, ಬಸಿಗಾಲುವೆಗೆ ದಾರಿ ಬಿಡಿಸುತ್ತಿದ್ದರು. ಯಾರನ್ನೂ ಕೂಗುತ್ತಿರಲಿಲ್ಲ, ಯಾರಿಗೂ ಹೇಳುತ್ತಿರಲಿಲ್ಲ. ನೀರು ಒಮ್ಮೆಲೇ ದಾರಿ ಕಂಡುಕೊಂಡು ಹರಿಯತೊಡಗಿದಾಗ ಮಕ್ಕಳು ಹೋ ಎಂದು ಕೂಗಿದರು. ಅವರು ತಲೆಯೆತ್ತಿ ನೋಡಿ, ಮತ್ತೆ ಗುದ್ದಲಿ ಹಾಕಿದರು.

ನನಗೆ ಹೆರಿಗೆಗೆ ಹೊತ್ತಾಗುತ್ತಿತ್ತು. ಕಣ್ಣು ತುಂಬ ನೋಡಿಕೊಂಡು, ಜಟಕಾದವನಿಗೆ ಹೊಡಿ ಎಂದೆ.